ಮುಂಬೈ-ಪುಣೆಯ ಪದವಿ, ಊರಿನ ಪಿಯುಸಿ: ವಿದೇಶಿ ವಿಶ್ವವಿದ್ಯಾಲಯಕ್ಕೆ ಯಾವ ದಾರಿಯ ಮಾನ್ಯತೆ ಆರಿಸಬೇಕು?

ಡೊಂಬಿವಲಿ, ಮೀರಾ ರೋಡ್, ಪಿಂಪ್ರಿ-ಚಿಂಚವಾಡ, ವಾಸ್ಕೊ ಕಡೆಯ ಕನ್ನಡದ ಮನೆಗಳಲ್ಲಿ ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ಮಾತು ಬಂದಾಗ ಮೊದಲು ಏಳುವುದು ಸಾಲದ ಪ್ರಶ್ನೆ. ಅದರ ಬೆನ್ನಿಗೇ ‘ನಮ್ಮ ಸರ್ಟಿಫಿಕೇಟು ಅಲ್ಲಿ ನಡೆಯುತ್ತದಾ?’ ಎಂಬುದು. ಏಜೆಂಟರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ: ನೋಟರಿ, ಮಂತ್ರಾಲಯದ (ಮಹಾರಾಷ್ಟ್ರ ಸರಕಾರದ ಸಚಿವಾಲಯದ) ಸಹಿ, ಅಪೋಸ್ಟಿಲ್ (ದಾಖಲೆ ಅಸಲಿ ಎಂದು ಹೊರದೇಶಕ್ಕೆ ತೋರಿಸಲು ವಿದೇಶಾಂಗ ಸಚಿವಾಲಯ ಅಂಟಿಸುವ ಚೀಟಿ), ವೆಸ್ ವರದಿ (ಪದವಿ ತೂಗುವ ಅಮೆರಿಕದ ಒಂದು ಸಂಸ್ಥೆಯದು), ಎಲ್ಲ ಸೇರಿ ಒಂದು ಪ್ಯಾಕೇಜು. ಅದಕ್ಕೆ ಒಪ್ಪುವ ಮುಂಚೆ ಒಂದು ಗಳಿಗೆ ನಿಲ್ಲಿ. ಹೋಗುವ ದೇಶ ಬ್ರಿಟನ್ ಆಗಿದ್ದರೆ ಅದರಲ್ಲಿ ಬಹುಪಾಲು ನಿಮಗೆ ಬೇಕಾಗುವುದಿಲ್ಲ. ಜರ್ಮನಿ ಆಗಿದ್ದರೆ ಬೇಕಾದದ್ದು ಆ ಪ್ಯಾಕೇಜಿನಲ್ಲೇ ಇರುವುದಿಲ್ಲ.

ಮಾನ್ಯತೆ ಎಂದು ನಾವು ಒಟ್ಟಾಗಿ ಕರೆಯುವುದರೊಳಗೆ ಮೂರು ಬೇರೆ ಕೆಲಸಗಳಿವೆ. ಕಾಗದ ಅಸಲಿಯೇ ಎಂದು ನೋಡುವುದು ಒಂದು. ಆ ಪದವಿ ಅಲ್ಲಿನ ಯಾವ ಮಟ್ಟಕ್ಕೆ ಸಮ, ಅಂಕ ಎಷ್ಟಕ್ಕೆ ಸಮ ಎಂದು ತೂಗುವುದು ಇನ್ನೊಂದು. ಸೀಟು ಕೊಡಬೇಕೇ ಬೇಡವೇ ಎಂಬ ತೀರ್ಮಾನ ಮೂರನೆಯದು. ಮೂರನೆಯದು ಇಲ್ಲಿ ಹೇಳುವ ದೇಶಗಳಲ್ಲಿ ಬಹುತೇಕ ವಿಶ್ವವಿದ್ಯಾಲಯದ ಕೈಯಲ್ಲೇ ಇದೆ. ಮೊದಲೆರಡನ್ನು ಯಾರು ಮಾಡುತ್ತಾರೆ ಎಂಬುದರಲ್ಲಿ ಮಾತ್ರ ದೇಶದಿಂದ ದೇಶಕ್ಕೆ ವ್ಯತ್ಯಾಸ. ಆದ್ದರಿಂದ ನೀವು ಸೇರಲಿರುವ ಕೋರ್ಸಿನ ಪ್ರವೇಶ ಪುಟದಲ್ಲಿ ಭಾರತದ ಅಭ್ಯರ್ಥಿಗಳಿಗೆ ಏನು ಬರೆದಿದ್ದಾರೆ ಎಂದು ಓದದೆ ಯಾವ ಸಂಸ್ಥೆಗೂ ಹಣ ಕಟ್ಟಬೇಡಿ.

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ: ಮುಂಚಿತವಾಗಿ ಏನೂ ಬೇಡ

ಇಲ್ಲಿನ ವಿಶ್ವವಿದ್ಯಾಲಯಗಳು ಭಾರತದ ಪದವಿಯನ್ನು ತಾವೇ ತೂಗುತ್ತವೆ. ಮೂರು ವರ್ಷದ ಬಿ.ಕಾಂ., ಬಿ.ಎಸ್ಸಿ. ಇದ್ದರೂ ಬ್ರಿಟನ್ನಿನಲ್ಲಿ ಸ್ನಾತಕೋತ್ತರಕ್ಕೆ ತೊಂದರೆಯಿಲ್ಲ, ಅಲ್ಲಿನ ಪದವಿಯೂ ಬಹುತೇಕ ಮೂರೇ ವರ್ಷದ್ದು. ಭಾರತ ಮತ್ತು ಬ್ರಿಟನ್ 2022ರ ಜುಲೈನಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ನಮ್ಮ ಹನ್ನೆರಡನೇ ತರಗತಿ ಮತ್ತು ಪಿಯು ಪ್ರಮಾಣಪತ್ರಗಳನ್ನು ಅಲ್ಲಿನ ಪ್ರವೇಶಕ್ಕೆ ಪರಿಗಣಿಸಬಹುದೆಂದು ಹೇಳಲಾಗಿದೆ. ಹಾಗೆಂದು ಅಂಕದ ಮಿತಿ ಸಡಿಲವಾಗಿಲ್ಲ. ಒಂದೇ ವಿಶ್ವವಿದ್ಯಾಲಯ ಸಿಬಿಎಸ್‌ಇಗೆ ಒಂದು ಮಿತಿ, ರಾಜ್ಯ ಬೋರ್ಡುಗಳಿಗೆ ಇನ್ನೊಂದು ಮಿತಿ ಇಡುವುದು ಸಾಮಾನ್ಯ. ಹನ್ನೆರಡರ ಇಂಗ್ಲಿಷ್ ಅಂಕ ಚೆನ್ನಾಗಿದ್ದರೆ ಐಇಎಲ್‌ಟಿಎಸ್ ಬೇಡವೆನ್ನುವ ವಿಶ್ವವಿದ್ಯಾಲಯಗಳೂ ಇವೆ. ಆ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಹೆಸರು ಇದೆಯೇ ಎಂದು ನೋಡಿಕೊಳ್ಳಿ.

ಯುಕೆ ಎನಿಕ್ ಎಂಬ ಸಂಸ್ಥೆಯ ಹೋಲಿಕೆ ಪತ್ರವನ್ನು ಪ್ರವೇಶಕ್ಕೆ ಅಂತ ಮೊದಲೇ ಮಾಡಿಸುವುದು ಹಣ ದಂಡ. ಅದು ಉದ್ಯೋಗ ಮತ್ತು ವೀಸಾದ ಕೆಲವು ಸಂದರ್ಭಗಳಿಗೆ ಬೇಕಾಗುವ ಕಾಗದ. ವಿಶ್ವವಿದ್ಯಾಲಯ ಬರೆದು ಕೇಳಿದರೆ ಮಾತ್ರ ಮಾಡಿಸಿ. ಆಸ್ಟ್ರೇಲಿಯಾದ ‘ಸ್ಕಿಲ್ ಅಸೆಸ್‌ಮೆಂಟ್’ ಕೂಡ ಹಾಗೆಯೇ, ಅದು ವಲಸೆಗೆ ಸಂಬಂಧಿಸಿದ್ದು.

ಜರ್ಮನಿ: ಎಪಿಎಸ್ ತಪ್ಪಿದ್ದಲ್ಲ, ಉಳಿದದ್ದರಲ್ಲಿ ಆಯ್ಕೆಯಿದೆ

2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಯ ವಿದ್ಯಾರ್ಥಿ ವೀಸಾಗೆ ಎಪಿಎಸ್ ಪ್ರಮಾಣಪತ್ರ ಕೊಡಬೇಕು. ದೆಹಲಿಯ ಎಪಿಎಸ್ ಕಚೇರಿ ನಿಮ್ಮ ಹತ್ತು, ಹನ್ನೆರಡು ಮತ್ತು ಪದವಿಯ ದಾಖಲೆಗಳು ಅಸಲಿಯೇ, ಜರ್ಮನಿಯಲ್ಲಿ ಓದಲು ಅರ್ಹತೆ ಇದೆಯೇ ಎಂದು ಪರಿಶೀಲಿಸುತ್ತದೆ. ಶುಲ್ಕ 18,000 ರೂಪಾಯಿ. ಒಮ್ಮೆ ಪಡೆದ ಪ್ರಮಾಣಪತ್ರವನ್ನು ಎಷ್ಟು ವಿಶ್ವವಿದ್ಯಾಲಯಗಳಿಗೆ ಬೇಕಾದರೂ ಕೊಡಬಹುದು. ಪ್ರವೇಶ ಸಿಕ್ಕ ಮೇಲೆ ಮಾಡಿಸೋಣ ಎಂದು ಕಾಯುವವರು ಸಿಕ್ಕಿಬೀಳುತ್ತಾರೆ, ಏಕೆಂದರೆ ಎಷ್ಟೋ ವಿಶ್ವವಿದ್ಯಾಲಯಗಳು ಅದನ್ನು ಅರ್ಜಿಯ ಜೊತೆಗೇ ಕೇಳುತ್ತವೆ.

ಎಪಿಎಸ್ ಇದ್ದರೆ ಅಪೋಸ್ಟಿಲ್ ಬೇಕೇ? ಬೇಡ. ಭಾರತ ಅಪೋಸ್ಟಿಲ್ ಒಪ್ಪಂದಕ್ಕೆ 2005ರಲ್ಲಿ ಸೇರಿದಾಗ ಜರ್ಮನಿ ಅದಕ್ಕೆ ಆಕ್ಷೇಪ ಎತ್ತಿತ್ತು, ಆದ್ದರಿಂದ ನಮ್ಮ ಅಪೋಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಜರ್ಮನಿಗೆಂದು ಮಾರ್ಕ್‌ಶೀಟಿನ ಬೆನ್ನಿಗೆ ಅಪೋಸ್ಟಿಲ್ ಅಂಟಿಸಿಕೊಡುವ ಏಜೆಂಟ್ ಸಿಕ್ಕರೆ ಬೇರೆಯವರನ್ನು ಹುಡುಕಿ.

ಇನ್ನು ಅರ್ಜಿ ಹೋಗುವ ದಾರಿ ಮೂರು, ಯಾವುದೆಂದು ಆರಿಸುವುದು ವಿಶ್ವವಿದ್ಯಾಲಯ. ನಿಮ್ಮ ಆಯ್ಕೆ ಇರುವುದು ವಿಶ್ವವಿದ್ಯಾಲಯಗಳ ಪಟ್ಟಿ ಮಾಡುವಾಗ. ಕೆಲವು ತಮ್ಮದೇ ಪೋರ್ಟಲಿನಲ್ಲಿ ನೇರವಾಗಿ ಅರ್ಜಿ ತೆಗೆದುಕೊಳ್ಳುತ್ತವೆ, ಅಲ್ಲಿ ಹೊರಗಿನ ಶುಲ್ಕವಿಲ್ಲ. ಕೆಲವು ಬರ್ಲಿನ್‌ನ ಯೂನಿ-ಅಸಿಸ್ಟ್ (ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿ ಪರಿಶೀಲಿಸುವ ಸಂಸ್ಥೆ) ಮೂಲಕವೇ ಬರಲಿ ಎನ್ನುತ್ತವೆ. ಅಲ್ಲಿ ಒಂದು ಸೆಮಿಸ್ಟರಿಗೆ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿಯೊಂದಕ್ಕೆ 30 ಯೂರೋ. ಐದು ಕೋರ್ಸಿಗೆ ಹಾಕಿದರೆ 195 ಯೂರೋ. ಮೂರನೆಯದು ವಿಪಿಡಿ: ಯೂನಿ-ಅಸಿಸ್ಟ್ ನಿಮ್ಮ ಅರ್ಹತೆ ಪರಿಶೀಲಿಸಿ ಜರ್ಮನ್ ಅಂಕ ನಮೂದಿಸಿದ ಪತ್ರವನ್ನು ನಿಮಗೆ ಕೊಡುತ್ತದೆ, ಅದನ್ನು ಹಿಡಿದು ನೀವೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಇಲ್ಲಿ ಎರಡು ಗಡುವು ಬೆನ್ನಿಗಿರುತ್ತವೆ. ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಕೊನೆ ಎಂದರೆ ವಿಪಿಡಿ ಅಷ್ಟರೊಳಗೆ ಕೈಗೆ ಬಂದಿರಬೇಕು, ಅರ್ಥಾತ್ ಅದಕ್ಕೆ ಕನಿಷ್ಠ ಎಂಟು ವಾರ ಮೊದಲೇ ದಾಖಲೆ ಮತ್ತು ಹಣ ಎರಡೂ ಯೂನಿ-ಅಸಿಸ್ಟ್ ತಲುಪಿರಬೇಕು. ಹಣ ತಲುಪುವವರೆಗೆ ಫೈಲು ತೆರೆಯುವುದೇ ಇಲ್ಲ. ಎಷ್ಟೋ ಅರ್ಜಿಗಳು ಅಂಕ ಕಡಿಮೆಯಾಗಿ ಅಲ್ಲ, ಇದೇ ಕಾರಣಕ್ಕೆ ಬಿದ್ದುಹೋಗುತ್ತವೆ.

ಅಂಕ ತೂಗುವ ಸೂತ್ರವನ್ನು ಎಲ್ಲರೂ ಗೊತ್ತುಮಾಡಿಕೊಳ್ಳಬೇಕು. ಗರಿಷ್ಠದಿಂದ ನೀವು ಪಡೆದದ್ದನ್ನು ಕಳೆದು, ಅದನ್ನು ಗರಿಷ್ಠಕ್ಕೂ ಪಾಸಾಗುವ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಎಂದರೆ ಬರಿಯ ಪಾಸು. ಹತ್ತರ ಮಾಪನದಲ್ಲಿ ನಿಮಗೆ 8.2 ಬಂದಿದೆ, ಪಾಸಿನ ಕನಿಷ್ಠ 4 ಎಂದುಕೊಳ್ಳಿ: 1.8ನ್ನು 6ರಿಂದ ಭಾಗಿಸಿ ಮೂರರಿಂದ ಗುಣಿಸಿದರೆ 0.9, ಒಂದು ಕೂಡಿಸಿದರೆ 1.9. ಅದೇ 8.2ಕ್ಕೆ ಕನಿಷ್ಠ 5 ಎಂದು ಹಿಡಿದರೆ 2.08. ಕೋರ್ಸಿನ ಮಿತಿ 2.0 ಆಗಿದ್ದರೆ ಮೊದಲ ಲೆಕ್ಕದಲ್ಲಿ ಒಳಗೆ, ಎರಡನೆಯದರಲ್ಲಿ ಹೊರಗೆ. ಆದ್ದರಿಂದ ಪಾಸಿನ ಕನಿಷ್ಠ ಗ್ರೇಡ್, ಎಲ್ಲ ಸೆಮಿಸ್ಟರುಗಳ ಅಂಕ ಸೇರಿಸಿ ವಿಶ್ವವಿದ್ಯಾಲಯ ಕೊಡುವ ನಿಮ್ಮ ಟ್ರಾನ್ಸ್‌ಕ್ರಿಪ್ಟಿನಲ್ಲಿ ಅಚ್ಚಾಗಿರಲೇಬೇಕು. ಅದು ಅನೇಕ ಮಾರ್ಕ್‌ಶೀಟುಗಳ ಹಿಂಬದಿಯಲ್ಲಿರುತ್ತದೆ, ನಾವು ಮುಂಬದಿಯನ್ನಷ್ಟೇ ಸ್ಕ್ಯಾನ್ ಮಾಡಿ ಕಳಿಸುತ್ತೇವೆ. ಎರಡೂ ಬದಿ ಸ್ಕ್ಯಾನ್ ಮಾಡಿ.

ಹನ್ನೆರಡು ಮುಗಿಸಿ ನೇರ ಬ್ಯಾಚುಲರ್‌ಗೆ ಹೋಗುವವರಿಗೆ ಆಯ್ಕೆ ಕಷ್ಟದ್ದು. ಬರಿಯ ಎಚ್‌ಎಸ್‌ಸಿ ಅಥವಾ ಪಿಯುಸಿಯ ಮೇಲೆ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಒಂದು ದಾರಿ ಸ್ಟೂಡಿಯನ್‌ಕೊಲೆಗ್: ಜರ್ಮನಿಯಲ್ಲೇ ಎರಡು ಸೆಮಿಸ್ಟರಿನ ತಯಾರಿ ಕೋರ್ಸು, ಕೊನೆಗೆ ಪರೀಕ್ಷೆ. ಪಾಠ ಜರ್ಮನ್ ಭಾಷೆಯಲ್ಲಿ, ಸೇರಲು ಪ್ರವೇಶ ಪರೀಕ್ಷೆ, ಭಾಷೆ ಬಿ1 ಅಥವಾ ಬಿ2 ಮಟ್ಟ. ಸರಕಾರಿ ಕೊಲೆಗಿನಲ್ಲಿ ಬೋಧನಾ ಶುಲ್ಕವಿಲ್ಲದಿದ್ದರೂ ಆ ವರ್ಷದ ಜೀವನ ವೆಚ್ಚ ತೋರಿಸಲೇಬೇಕು. ವೀಸಾಗೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ) ಇಡುವ ಮೊತ್ತವನ್ನು 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೋಗೆ ಏರಿಸಲಾಯಿತು. ಇನ್ನೊಂದು ದಾರಿ ಇಲ್ಲೇ ಮಾನ್ಯ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಮುಗಿಸಿ ಹೋಗುವುದು. ಮನೆಯಲ್ಲಿದ್ದುಕೊಂಡು ಓದಬಹುದು, ಸಂಜೆ ಮುಂಬೈ ಅಥವಾ ಪುಣೆಯ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಬಹುದು. ಆದರೆ ಆ ವರ್ಷ ಓದಿದ ವಿಷಯಕ್ಕೆ ಹೊಂದುವ ಕೋರ್ಸಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಎಫ್‌ವೈ (ಮೊದಲ ವರ್ಷದ) ಬಿ.ಕಾಂ. ಮುಗಿಸಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೇಳುವಂತಿಲ್ಲ. ಒಂದು ಪೇಪರಿನಲ್ಲಿ ಎಟಿಕೆಟಿ (ಫೇಲಾಗಿ ಮತ್ತೆ ಬರೆಯಬೇಕಾದ ಬಾಕಿ) ಉಳಿದರೂ ಆ ವರ್ಷ ಪೂರ್ಣವಾದಂತಲ್ಲ. ಮೂರನೆಯ ದಾರಿ ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ: ತಾಂತ್ರಿಕ ವಿಷಯಗಳಿಗೆ ಅವರಿಗೆ ನೇರ ಪ್ರವೇಶದ ಅರ್ಹತೆ ಸಿಗುತ್ತದೆ.

ವಿಷಯ ಗಟ್ಟಿಯಾಗಿ ತೀರ್ಮಾನವಾಗಿದ್ದರೆ ಇಲ್ಲೇ ಒಂದು ವರ್ಷ ಓದುವುದು ಖರ್ಚಿನಲ್ಲೂ ಭದ್ರತೆಯಲ್ಲೂ ಮೇಲು. ಜರ್ಮನಿಗೆ ಹೋಗಿ ಪ್ರವೇಶ ಪರೀಕ್ಷೆಯಲ್ಲೋ ಕೊನೆಯ ಪರೀಕ್ಷೆಯಲ್ಲೋ ಸಿಕ್ಕಿಹಾಕಿಕೊಂಡ ಮಗುವಿಗೆ ಹಿಂದಿರುಗಿ ಎರಡನೇ ವರ್ಷ ಸೇರುವ ಅವಕಾಶವೂ ಇರುವುದಿಲ್ಲ. ವಿಷಯ ಬದಲಿಸುವ ಆಸೆಯಿರುವವರಿಗೆ ಮಾತ್ರ ಸ್ಟೂಡಿಯನ್‌ಕೊಲೆಗ್ ಒಳ್ಳೆಯದು.

ವಿದೇಶಿ ವಿದ್ಯಾಸಂಸ್ಥೆಗಳ ಮಾನ್ಯತೆ ತೋರಿಸುವ ಜರ್ಮನಿಯ ಅನಬಿನ್ ದತ್ತಾಂಶದಲ್ಲಿ ಹುಡುಕುವಾಗ ಕಾಲೇಜಿನ ಹೆಸರು ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಪದವಿ ಕೊಡುವುದು ಕಾಲೇಜಲ್ಲ, ಅದು ಸೇರಿರುವ ವಿಶ್ವವಿದ್ಯಾಲಯ. ಅದರ ಹೆಸರಿನಲ್ಲಿ ಹುಡುಕಿ, ಮುಂದೆ ‘ಎಚ್+’ ಇದ್ದರೆ ಮಾನ್ಯ.

ಅಮೆರಿಕ, ಕೆನಡಾ: ವೆಸ್ ಬೇಕೇ, ಇಸಿಇ ಬೇಕೇ, ಯಾವುದೂ ಬೇಡವೇ?

ಅಮೆರಿಕದಲ್ಲಿ ಕೇಂದ್ರ ಸರಕಾರದ ಮಾನ್ಯತಾ ಕಚೇರಿ ಎಂಬುದಿಲ್ಲ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅನೇಕವು ಟ್ರಾನ್ಸ್‌ಕ್ರಿಪ್ಟನ್ನು ತಾವೇ ಓದಿಕೊಳ್ಳುತ್ತವೆ. ಉಳಿದವು ಪದವಿ ತೂಗುವ ಖಾಸಗಿ ಸಂಸ್ಥೆಗಳ ವರದಿ ಕೇಳುತ್ತವೆ, ಸಾಮಾನ್ಯವಾಗಿ ಆ ಸಂಸ್ಥೆಗಳದೇ ಆದ ‘ನೇಸಸ್’ ಸಂಘದ ಯಾವ ಸದಸ್ಯ ಸಂಸ್ಥೆಯದಾದರೂ ಆದೀತು ಎನ್ನುತ್ತವೆ. ನ್ಯೂಯಾರ್ಕಿನ ವೆಸ್ ಮತ್ತು ಮಿಲ್ವಾಕಿಯ ಇಸಿಇ ಹೆಚ್ಚು ಬಳಕೆಯಲ್ಲಿರುವವು.

ನಾಲ್ಕು ವರ್ಷದ ಬಿ.ಇ., ಬಿ.ಟೆಕ್. ಮಾಡಿದವರಿಗೆ ಯಾವುದಾದರೂ ಒಂದೇ. ವ್ಯತ್ಯಾಸ ಎದ್ದು ಕಾಣುವುದು ಮೂರು ವರ್ಷದ ಪದವಿಯಲ್ಲಿ. ವಿದ್ಯಾಸಂಸ್ಥೆಗಳಿಗೆ ಶ್ರೇಣಿ ಕೊಡುವ ಭಾರತದ ನ್ಯಾಕ್‌ನಿಂದ ‘ಎ’ ಅಥವಾ ಮೇಲಿನ ಶ್ರೇಣಿ ಪಡೆದ ಸಂಸ್ಥೆಯಿಂದ ಪ್ರಥಮ ಅಥವಾ ದ್ವಿತೀಯ ದರ್ಜೆಯಲ್ಲಿ ಪಡೆದ ಮೂರು ವರ್ಷದ ಪದವಿಯನ್ನು ವೆಸ್ ಅಮೆರಿಕದ ಬ್ಯಾಚುಲರ್‌ಗೆ ಸಮವೆಂದು ಬರೆಯುತ್ತದೆ. ಇಸಿಇ ಅದನ್ನು ಮೂರು ವರ್ಷದ ಪದವಿ ವ್ಯಾಸಂಗವೆಂದು ಬರೆಯುವುದೇ ವಾಡಿಕೆ. ಮುಂಬೈ ವಿಶ್ವವಿದ್ಯಾಲಯಕ್ಕೆ 2021ರಲ್ಲಿ ‘ಎ++’ ಸಿಕ್ಕಿದೆ. ಆದ್ದರಿಂದ ಮುಂಬೈಯ ಮೂರು ವರ್ಷದ ಬಿ.ಎಸ್ಸಿ. ಇರುವವರು, ವಿಶ್ವವಿದ್ಯಾಲಯ ಎರಡನ್ನೂ ಒಪ್ಪುವುದಾದರೆ, ವೆಸ್ ಆರಿಸಿಕೊಳ್ಳುವುದು ಜಾಣತನ. ಆದರೂ ‘ಮೂರು ವರ್ಷದ ಪದವಿಯನ್ನು ನೀವು ಸ್ವೀಕರಿಸುತ್ತೀರಾ’ ಎಂದು ಪ್ರವೇಶ ಕಚೇರಿಗೆ ಇಮೇಲ್ ಬರೆದು ಉತ್ತರ ಪಡೆದ ಮೇಲೆಯೇ ಹಣ ಕಟ್ಟಿ. ವೆಸ್ ಸಮ ಎಂದರೂ ನಾಲ್ಕೇ ವರ್ಷ ಬೇಕೆನ್ನುವ ವಿಭಾಗಗಳಿವೆ. ಅಂಥಲ್ಲಿ ಎಂ.ಎಸ್ಸಿ. ಅಥವಾ ಎಂ.ಕಾಂ. ಮುಗಿಸಿ ಹೋದವರ ಅರ್ಜಿಗೆ ಬಲ ಹೆಚ್ಚು.

ವರದಿಯಲ್ಲೂ ಎರಡು ಬಗೆ. ದಾಖಲೆವಾರು ವರದಿ ಅಗ್ಗ, ಪದವಿ ಯಾವುದಕ್ಕೆ ಸಮ ಎಂದಷ್ಟೇ ಹೇಳುತ್ತದೆ. ವಿಷಯವಾರು ವರದಿ ಪ್ರತಿ ಪೇಪರಿನ ಕ್ರೆಡಿಟ್, ಗ್ರೇಡ್, ಒಟ್ಟು ಜಿಪಿಎ (ಸರಾಸರಿ ಗ್ರೇಡ್) ಕೊಡುತ್ತದೆ. ಪ್ರವೇಶಕ್ಕೆ ಬೇಕಾಗುವುದು ಬಹುತೇಕ ಎರಡನೆಯದೇ. ವೆಸ್‌ನಲ್ಲಿ ಮತ್ತೊಂದು ಆಯ್ಕೆ ಎದುರಾಗುತ್ತದೆ: ‘ಬೇಸಿಕ್’ ಮತ್ತು ‘ಐಕ್ಯಾಪ್’. ಐಕ್ಯಾಪ್‌ನಲ್ಲಿ ಪರಿಶೀಲಿಸಿದ ಟ್ರಾನ್ಸ್‌ಕ್ರಿಪ್ಟಿನ ಪ್ರತಿಯೂ ವರದಿಯ ಜೊತೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಬೇಸಿಕ್ ತೆಗೆದುಕೊಂಡರೆ ಅದು ಹೋಗುವುದಿಲ್ಲ, ಆಮೇಲೆ ವಿಶ್ವವಿದ್ಯಾಲಯ ಪ್ರತ್ಯೇಕ ಟ್ರಾನ್ಸ್‌ಕ್ರಿಪ್ಟ್ ಕೇಳಿದರೆ ಮತ್ತೆ ಮುಂಬೈ ವಿಶ್ವವಿದ್ಯಾಲಯದ ಕಲೀನಾಕ್ಕೋ ಪುಣೆ ವಿಶ್ವವಿದ್ಯಾಲಯದ ಗಣೇಶಖಿಂಡಕ್ಕೋ ಓಡಬೇಕು. ಕೆನಡಾದ ವಲಸೆಗೆ ಬೇಕಾಗುವ ಇಸಿಎ (ವಿದ್ಯಾರ್ಹತೆ ತೂಗಿದ) ವರದಿ ಬೇರೆಯದು, ಅದರ ಅವಧಿ ಐದು ವರ್ಷ. ಪ್ರವೇಶಕ್ಕೆ ಅದನ್ನು ಕಳಿಸಬೇಡಿ.

ವೆಸ್‌ಗೆ ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ಲಕೋಟೆಯಾದರೆ ಮುಚ್ಚಿದ ಅಂಚಿನ ಮೇಲೆ ವಿಶ್ವವಿದ್ಯಾಲಯದ ಮೊಹರು ಮತ್ತು ಸಹಿ, ಹೊರಗೆ ನಿಮ್ಮ ರೆಫರೆನ್ಸ್ ನಂಬರು, ಒಳಗೆ ಅವರ ಕೋರಿಕೆ ನಮೂನೆ ಇರಬೇಕು. ಸರಿಯಾಗಿದೆಯೇ ನೋಡೋಣ ಎಂದು ಲಕೋಟೆ ಬಿಚ್ಚಿದರೆ ಅದು ಅಲ್ಲಿಗೇ ರದ್ದು. ಟ್ರಾನ್ಸ್‌ಕ್ರಿಪ್ಟ್ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿದ್ದರೂ ತಿರಸ್ಕಾರವಾಗುವ ಸಾಧ್ಯತೆ ಹೆಚ್ಚು. ಪರೀಕ್ಷಾ ವಿಭಾಗ ಕೊಟ್ಟದ್ದೇ ಬೇಕು.

ಇಟಲಿ: ದೂತಾವಾಸದ ಪತ್ರವೋ, ಚಿಮೇಯಾವೋ

ಇಟಲಿಯಲ್ಲೂ ಮೂರು ವರ್ಷದ ಪದವಿ ನಡೆಯುತ್ತದೆ, ಅಪೋಸ್ಟಿಲ್ ನಿಜವಾಗಿ ಕೆಲಸಕ್ಕೆ ಬರುವುದೂ ಇಲ್ಲೇ. ಇಟಲಿ ಸರಕಾರದ ಯೂನಿವರ್ಸಿಟಾಲಿ ಪೋರ್ಟಲಿನಲ್ಲಿ ಪೂರ್ವ ನೋಂದಣಿ ಆದ ಮೇಲೆ ವಿಶ್ವವಿದ್ಯಾಲಯ ಎರಡರಲ್ಲಿ ಒಂದನ್ನು ಕೇಳುತ್ತದೆ: ಇಟಲಿಯ ದೂತಾವಾಸ ಕೊಡುವ ಮೌಲ್ಯ ಘೋಷಣೆ (ಪದವಿಯ ಮಟ್ಟ ಹೇಳುವ ಪತ್ರ) ಅಥವಾ ರೋಮಿನ ಚಿಮೇಯಾ ಸಂಸ್ಥೆಯ ಹೋಲಿಕೆ ಮತ್ತು ಪರಿಶೀಲನಾ ಪತ್ರ. ಎರಡೂ ಆದೀತು ಎಂದಿದ್ದರೆ ಚಿಮೇಯಾ ಹಿಡಿಯಿರಿ. ಅದಕ್ಕೆ ದಾಖಲೆಗಳನ್ನು ಆನ್‌ಲೈನಿನಲ್ಲೇ ಏರಿಸಿ ಹಣ ಕಟ್ಟಬಹುದು. ದೂತಾವಾಸದ ಪತ್ರಕ್ಕೆ ಅಪೋಸ್ಟಿಲ್, ಇಟಾಲಿಯನ್ ಅನುವಾದ, ಅಪಾಯಿಂಟ್‌ಮೆಂಟ್ ಎಲ್ಲವೂ ಬೇಕು. ಜೊತೆಗೆ, ದಾಖಲೆ ಕೊಟ್ಟ ಸಂಸ್ಥೆ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯವನ್ನು ನೋಡಿಕೊಳ್ಳುವ ದೂತಾವಾಸವೇ ಅದನ್ನು ಕೊಡಬೇಕು. ಪಿಯುಸಿ ಉಡುಪಿಯದು, ಪದವಿ ಠಾಣೆಯದು ಎಂದಾದರೆ ಕೆಲಸ ಎರಡು ಕಡೆ ಒಡೆಯುತ್ತದೆ.

ಎರಡು ರಾಜ್ಯದ ಕಾಗದ, ಮೂರು ಬಗೆಯ ಹೆಸರು

ಯಾವ ದೇಶ ಆರಿಸಿದರೂ ನಮ್ಮವರು ಹೆಚ್ಚು ಒದ್ದಾಡುವುದು ಇಲ್ಲಿ. ಊರಿನಲ್ಲಿ ಪಿಯುಸಿವರೆಗೆ ಓದಿ ಮುಂಬೈಗೆ ಬಂದವರ ಹೆಸರು ಪಿಯುಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಅಕ್ಷತಾ ಎಸ್.’ ಎಂದಿರುತ್ತದೆ. ಮುಂಬೈ ವಿಶ್ವವಿದ್ಯಾಲಯದ ಮಾರ್ಕ್‌ಶೀಟಿನಲ್ಲಿ ಅಡ್ಡಹೆಸರು ಮೊದಲು, ನಂತರ ತಂದೆ, ತಾಯಿಯ ಹೆಸರು ಸೇರಿ ‘ಪೂಜಾರಿ ಅಕ್ಷತಾ ಸದಾನಂದ ಸುಮತಿ’. ಪಾಸ್‌ಪೋರ್ಟಿನಲ್ಲಿ ‘ಅಕ್ಷತಾ ಸದಾನಂದ ಪೂಜಾರಿ’. ನಮಗೆ ಮೂವರೂ ಒಬ್ಬಳೇ ಹುಡುಗಿ, ಹೊರದೇಶದ ಪರಿಶೀಲಕರಿಗೆ ಹಾಗಲ್ಲ. ಪದಗಳ ಕ್ರಮ ಮಾತ್ರ ಬದಲಾಗಿದ್ದರೆ ಮೂರೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಸಾಮಾನ್ಯವಾಗಿ ಸಾಕು. ಅದರಲ್ಲಿ ಪ್ರತಿ ದಾಖಲೆಯ ಹೆಸರನ್ನು ಅಕ್ಷರ ಬಿಡದೆ, ನೋಂದಣಿ ಸಂಖ್ಯೆ ಮತ್ತು ವರ್ಷದ ಸಮೇತ ಬರೆಸಿ. ಕಾಗುಣಿತವೇ ತಪ್ಪಿದ್ದರೆ ಅಫಿಡವಿಟ್ ನೆಚ್ಚಿಕೊಳ್ಳದೆ ಬೋರ್ಡಿನಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ ತಿದ್ದಿಸಿ. ತಿದ್ದುಪಡಿಗೆ ತಿಂಗಳುಗಳೇ ಹಿಡಿಯಬಹುದು, ಹಾಗಾಗಿ ದೇಶ ತೀರ್ಮಾನವಾಗುವ ಮೊದಲೇ ಶುರುವಾಗಬೇಕಾದ ಕೆಲಸ ಇದು.

ಅಪೋಸ್ಟಿಲ್ ಬೇಕಾದಾಗ ರಾಜ್ಯದ ಸಹಿ ಮೊದಲು, ವಿದೇಶಾಂಗ ಸಚಿವಾಲಯದ್ದು ಆಮೇಲೆ. ರಾಜ್ಯದ ಸಹಿ ದಾಖಲೆ ಹುಟ್ಟಿದ ರಾಜ್ಯದಲ್ಲೇ ಆಗಬೇಕು: ಮಹಾರಾಷ್ಟ್ರದ ಪದವಿಗೆ ಮುಂಬೈಯ ಮಂತ್ರಾಲಯ, ಗೋವಾದ್ದಕ್ಕೆ ಗೋವಾ ಸರಕಾರ, ಪಿಯುಸಿಗೆ ಬೆಂಗಳೂರು. ಮುಂಬೈಯಲ್ಲೇ ಕರ್ನಾಟಕದ್ದನ್ನೂ ಮಾಡಿಸಿಕೊಡುತ್ತೇವೆ ಎನ್ನುವವರು ಕೆಲವೊಮ್ಮೆ ದೆಹಲಿಯ ಎಸ್‌ಡಿಎಂ (ಉಪವಿಭಾಗಾಧಿಕಾರಿ) ಸಹಿ ಹಾಕಿಸುತ್ತಾರೆ. ಶಿಕ್ಷಣದ ದಾಖಲೆಗೆ ಅದನ್ನು ಒಪ್ಪದ ದೂತಾವಾಸಗಳಿವೆ. ಯಾರ ಸಹಿ ಬರುತ್ತದೆ ಎಂದು ಹಣ ಕೊಡುವ ಮೊದಲೇ ಕೇಳಿ. ಸಚಿವಾಲಯದ ಶುಲ್ಕ ಪ್ರತಿ ದಾಖಲೆಗೆ 50 ರೂಪಾಯಿ, ಉಳಿದದ್ದೆಲ್ಲ ಸೇವಾ ಶುಲ್ಕ. ಬೆಲೆ ಚೌಕಾಸಿ ಮಾಡುವಾಗ ಇದು ನೆನಪಿರಲಿ.

ಹಳೆಯ ಪದವಿ ಇಟ್ಟುಕೊಂಡು ಈಗ ಮತ್ತೆ ಓದಲು ಹೊರಟವರು ಟ್ರಾನ್ಸ್‌ಕ್ರಿಪ್ಟ್ ಎಲ್ಲಿ ಸಿಗುತ್ತದೆಂದು ಖಚಿತಪಡಿಸಿಕೊಳ್ಳಬೇಕು. ಗೋವಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1985ರಲ್ಲಿ. ಅದಕ್ಕೆ ಮುಂಚೆ ಗೋವಾದ ಕಾಲೇಜುಗಳು ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ದಕ್ಷಿಣ ಕನ್ನಡದ ಕಾಲೇಜುಗಳು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆಗುವ ಮುಂಚೆ ಮೈಸೂರಿಗೆ, ಸೊಲ್ಲಾಪುರದವು 2004ರವರೆಗೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ. ಪದವಿ ಪತ್ರದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿಗೇ ಅರ್ಜಿ ಹೋಗಬೇಕು.

ಎಟಿಕೆಟಿ ಇದ್ದವರು ಪಾಸಾದ ಮಾರ್ಕ್‌ಶೀಟ್ ಮಾತ್ರ ಕೊಟ್ಟು ಫೇಲಾದದ್ದನ್ನು ಮುಚ್ಚಿಡಬಾರದು. ಸೆಮಿಸ್ಟರು, ವರ್ಷ, ಸೀಟ್ ನಂಬರು ತಾಳೆಯಾಗದಾಗ ಪರಿಶೀಲಕರಿಗೆ ಅನುಮಾನ ಬರುವುದು ಅಂಕದ ಮೇಲಲ್ಲ, ಕಾಗದದ ಮೇಲೆ. ಎಲ್ಲ ಪ್ರಯತ್ನಗಳ ಮಾರ್ಕ್‌ಶೀಟೂ ಕ್ರಮವಾಗಿ ಇಡಿ. ಕನ್ನಡ ಮಾಧ್ಯಮದಲ್ಲಿ ಮಹಾರಾಷ್ಟ್ರದ ಎಸ್‌ಎಸ್‌ಸಿ ಬರೆದವರಿಗೆ ಬೋರ್ಡಿನ ಮಾರ್ಕ್‌ಶೀಟು ಇಂಗ್ಲಿಷಿನಲ್ಲೇ ಬರುವುದರಿಂದ ಅನುವಾದ ಬೇಡ. ಶಾಲೆಯ ಲೀವಿಂಗ್ ಸರ್ಟಿಫಿಕೇಟ್ ಮರಾಠಿ ಅಥವಾ ಕನ್ನಡದಲ್ಲಿದ್ದು, ಅದನ್ನೇ ಯಾರಾದರೂ ಕೇಳಿದರೆ ಮಾತ್ರ ಅನುವಾದ ಮಾಡಿಸಿ.

ಮಾರ್ಕ್ಸ್ ಕಾರ್ಡು ಹಾಳಾಗಬಾರದೆಂದು ಎಷ್ಟೋ ಮನೆಗಳಲ್ಲಿ ಅಕ್ಕರೆಯಿಂದ ಲ್ಯಾಮಿನೇಷನ್ ಮಾಡಿಸಿಟ್ಟಿರುತ್ತಾರೆ. ಅದರ ಮೇಲೆ ರಾಜ್ಯದ ಮೊಹರೂ ಬೀಳುವುದಿಲ್ಲ, ಅಪೋಸ್ಟಿಲ್ ಚೀಟಿಯೂ ಅಂಟುವುದಿಲ್ಲ, ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬರಬಹುದು. ಅಪೋಸ್ಟಿಲ್ ಬೇಡದ ದೇಶಕ್ಕೆ ಹೋಗುವುದಾದರೆ ಹಾಗೇ ಬಿಡಿ, ಸ್ಕ್ಯಾನಿಗೆ ಅದು ಸಾಕು. ಬೇಕೇ ಬೇಕೆಂದಾದರೆ ಬಿಡಿಸುವ ಸಾಹಸ ಬಿಟ್ಟು ಬೋರ್ಡಿನಿಂದ ಎರಡನೇ ಪ್ರತಿ ತರಿಸಿ. ಕರ್ನಾಟಕದ ಎಸ್ಸೆಸ್ಸೆಲ್ಸಿ ಪ್ರತಿಗೆ ಅರ್ಜಿ ಓದಿದ ಶಾಲೆಯ ಮೂಲಕವೇ ಹೋಗಬೇಕಾದ್ದರಿಂದ, ಮೇ ತಿಂಗಳಲ್ಲಿ ಊರಿಗೆ ಹೋಗುವ ಮೊದಲು ಶಾಲೆಯ ಕಚೇರಿ ರಜೆಯಲ್ಲಿ ಯಾವ ದಿನ ತೆರೆದಿರುತ್ತದೆ ಎಂದು ಫೋನು ಮಾಡಿ ಕೇಳಿಕೊಳ್ಳಿ.